ಕಲಬುರಗಿ ಬೇಸಿಗೆಯಲ್ಲಿ ಹಳೆ ಥಿಂಕ್‌ಪ್ಯಾಡ್: ಲಿನಕ್ಸ್‌ನಲ್ಲಿ ಬಿಸಿ ಇಳಿಸಿದ ಲಾಗ್

ಮಷಿನ್ ಥಿಂಕ್‌ಪ್ಯಾಡ್ ಟಿ430. 2012ರ ಮಾಡೆಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಒಳಗೆ ಇಂಟೆಲ್ ಐ5-3320ಎಂ ಪ್ರೊಸೆಸರ್, ಎರಡು ಕೋರ್, ನಾಲ್ಕು ಥ್ರೆಡ್, 35 ವಾಟ್‌ನದು. 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಮೇಲೆ ಲಿನಕ್ಸ್ ಮಿಂಟ್. ಇರುವುದು ಕಲಬುರಗಿಯಲ್ಲಿ, ನಮ್ಮ ಕಾಕಾನ ಝೆರಾಕ್ಸ್ ಅಂಗಡಿಯಲ್ಲಿ. ಕೆಲಸ ಅಂಥಾ ಭಾರದ್ದೇನಲ್ಲ. ಲಿಬ್ರೆ ಆಫೀಸ್‌ನಲ್ಲಿ ಅರ್ಜಿ ಟೈಪ್ ಮಾಡೋದು, ಪಿಡಿಎಫ್ ಪ್ರಿಂಟ್ ತೆಗೆಯೋದು, ಆನ್‌ಲೈನ್ ಫಾರಂ ತುಂಬೋದು, ಗಿರಾಕಿ ಇಲ್ಲದಾಗ ಯೂಟ್ಯೂಬ್.

ಕಂಪ್ಲೇಂಟ್ ಕಾಕಾನ ಮಾತಲ್ಲೇ ಕೇಳಿ: "ಗಿರಾಕಿ ಮುಂದ ಕುಂತಿರ್ತಾರ, ಅರ್ಜಿ ಅರ್ಧ ಟೈಪ್ ಆಗಿರ್ತದ, ಟಕ್ ಅಂತ ಬಂದ್ ಆಗ್ತದ ನೋಡು." ಮಧ್ಯಾಹ್ನ ಮಾತ್ರ ಹೀಗೆ. ಬೆಳಿಗ್ಗೆ ಸರಿ ಇರುತ್ತದೆ, ಸಂಜೆ ಪರವಾಗಿಲ್ಲ. ಊರಲ್ಲಿ ಒಬ್ಬರು ರಿಪೇರಿಯವರು ಬೋರ್ಡ್ ಹೋಗಿದೆ ಅಂದಿದ್ದರಂತೆ. ಇನ್ನೊಬ್ಬರು ಲಿನಕ್ಸ್ ಹಾಕಿದ್ದಕ್ಕೇ ಹೀಗೆ, ವಿಂಡೋಸ್ ಹಾಕಿಸಿ ಅಂದರಂತೆ. ಇಬ್ಬರೂ ಮಷಿನ್ ಬಿಚ್ಚಿ ನೋಡಿರಲಿಲ್ಲ, ಲಾಗ್ ಅಂತೂ ನೋಡೇ ಇರಲಿಲ್ಲ.

ಕೆಳಗೆ ಕಮಾಂಡು, ಫೈಲ್ ಹೆಸರು ಎಲ್ಲಾ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹಾಕುವಾಗ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ.

ಮೊದಲ ಪ್ರಶ್ನೆ, ಇದು ನಿಜವಾಗಲೂ ಬಿಸಿಯಿಂದ ಆಫ್ ಆಗುತ್ತಿದೆಯಾ? ಲ್ಯಾಪ್‌ಟಾಪ್ ಟಕ್ ಅಂತ ಆಫ್ ಆಗೋಕೆ ಬೇರೆ ಕಾರಣಗಳೂ ಇವೆ. ಅಡಾಪ್ಟರ್ ಪಿನ್ ಲೂಸ್ ಇರಬಹುದು, ಬ್ಯಾಟರಿ ಸತ್ತಿರಬಹುದು, ರ‍್ಯಾಮ್ ಕೈ ಕೊಟ್ಟಿರಬಹುದು. ಹಾಗಾಗಿ ಆಫ್ ಆದ ಮೇಲೆ ಆನ್ ಮಾಡಿ ಮೊದಲು ನೋಡಿದ್ದು ಹಿಂದಿನ ಬೂಟ್‌ನ ಕರ್ನಲ್ ಲಾಗ್ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು, ಲಾಗ್ ಅಂದರೆ ಅದು ಬರೆದಿಡುವ ದಿನಚರಿ): ಜರ್ನಲ್‌ಸಿಟಿಎಲ್, ಮುಂದೆ ಮೈನಸ್ ಕೆ, ಮೈನಸ್ ಬಿ, ಮೈನಸ್ 1. ಕೊನೆಯ ಸಾಲುಗಳಲ್ಲಿ ಬೇಕಾದ್ದು ಸಿಕ್ಕಿತು. 'ಕೋರ್ ಟೆಂಪರೇಚರ್ ಅಬೋವ್ ಥ್ರೆಶೋಲ್ಡ್, ಸಿಪಿಯು ಕ್ಲಾಕ್ ಥ್ರಾಟಲ್ಡ್' (ಬಿಸಿ ಮಿತಿ ದಾಟಿತು, ಸ್ಪೀಡ್ ಇಳಿಸಿದೆ) ಅನ್ನೋ ಸಾಲು ಮತ್ತೆ ಮತ್ತೆ ಬಂದಿತ್ತು, ಅದರ ಕೆಳಗೆ 'ಕ್ರಿಟಿಕಲ್ ಟೆಂಪರೇಚರ್ ರೀಚ್ಡ್, ಶಟಿಂಗ್ ಡೌನ್'. ಅಂದರೆ ಬೋರ್ಡ್ ಹೋಗಿಲ್ಲ. ಕರ್ನಲ್ಲೇ ಬೋರ್ಡ್ ಉಳಿಸೋಕೆ ಮಷಿನ್ ಆಫ್ ಮಾಡುತ್ತಿದೆ. ಲಾಗ್ ಏನೂ ಹೇಳದೆ ಮಧ್ಯದಲ್ಲೇ ಕತ್ತರಿಸಿದಂತೆ ನಿಂತಿದ್ದರೆ ನಾನು ಮೊದಲು ಅಡಾಪ್ಟರ್ ಕಡೆ ನೋಡುತ್ತಿದ್ದೆ.

ಆಮೇಲೆ ಎಲ್‌ಎಂ-ಸೆನ್ಸರ್ಸ್ ಇನ್‌ಸ್ಟಾಲ್ ಮಾಡಿ ಸೆನ್ಸರ್ಸ್ ಕಮಾಂಡ್ ಓಡಿಸಿದೆ. ಈ ಮಷಿನ್‌ನಲ್ಲಿ ಎರಡು ಭಾಗ ಮುಖ್ಯ. ಒಂದು ಕೋರ್‌ಟೆಂಪ್, ಪ್ರೊಸೆಸರ್ ಒಳಗಿನ ಸೆನ್ಸರ್‌ಗಳು ಕೊಡುವ ಅಂಕಿ. ಪಕ್ಕದಲ್ಲಿ ಹೈ 87, ಕ್ರಿಟ್ 105 ಅಂತ ಇರುತ್ತದೆ. 105 ಡಿಗ್ರಿ ಈ ಚಿಪ್‌ನ ಗರಿಷ್ಠ ಮಿತಿ, ಅದರ ಹತ್ತಿರ ಹೋದಂತೆ ಚಿಪ್ ತಾನೇ ಸ್ಪೀಡ್ ಇಳಿಸಿಕೊಳ್ಳುತ್ತದೆ. ಇನ್ನೊಂದು ಥಿಂಕ್‌ಪ್ಯಾಡ್ ಅನ್ನೋ ಹೆಸರಿನ ಭಾಗ, ಅಲ್ಲಿ ಫ್ಯಾನ್‌ನ ಆರ್‌ಪಿಎಂ ಬರುತ್ತದೆ. ಸೆನ್ಸರ್ಸ್-ಡಿಟೆಕ್ಟ್ ಓಡಿಸುವ ಅಗತ್ಯವೇ ಬೀಳಲಿಲ್ಲ, ಎರಡೂ ಮಾಡ್ಯೂಲ್ ತಾವೇ ಲೋಡ್ ಆಗಿದ್ದವು. ಹಳೆ ಕಾಲದ ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಈ ಸೆನ್ಸರ್ ಹುಡುಕಾಟವೇ ಒಳಗಿನ ಒಂದು ಚಿಪ್‌ನ ಡೇಟಾ ಕೆಡಿಸಿದ ಕಥೆ ಉಂಟು, ಅದಕ್ಕೇ ಈಗಲೂ ಕೆಲವರು ಹೆದರುತ್ತಾರೆ. ಈ ಮಾಡೆಲ್‌ಗೆ ಆ ಭಯ ಬೇಡ.

ಸುಮ್ನೆ ಡೆಸ್ಕ್‌ಟಾಪ್ ತೆಗೆದಿಟ್ಟು ಏನೂ ಮಾಡದೇ ಇದ್ದಾಗ 70 ಡಿಗ್ರಿ. ಬೇಕಂತಲೇ ಲೋಡ್ ಕೊಡುವ ಸ್ಟ್ರೆಸ್-ಎನ್‌ಜಿ ಅನ್ನೋ ಟೂಲ್ ಹಾಕಿ ನಾಲ್ಕೂ ಥ್ರೆಡ್‌ಗೆ ಲೋಡ್ ಕೊಟ್ಟರೆ ಒಂದು ನಿಮಿಷ ತುಂಬುವಷ್ಟರಲ್ಲಿ 97 ದಾಟಿತು, ಅಲ್ಲಿಗೆ ನಿಲ್ಲಿಸಿದೆ. ಪಕ್ಕದ ಟರ್ಮಿನಲ್‌ನಲ್ಲಿ ಟರ್ಬೋಸ್ಟ್ಯಾಟ್ ಓಡುತ್ತಿತ್ತು. ಅದು ನಿಜವಾದ ಗಡಿಯಾರ ವೇಗ, ಪ್ರೊಸೆಸರ್ ಎಷ್ಟು ವಾಟ್ ತಿನ್ನುತ್ತಿದೆ, ಎಷ್ಟು ಡಿಗ್ರಿ ಇದೆ, ಮೂರನ್ನೂ ಒಂದೇ ಸಾಲಿನಲ್ಲಿ ತೋರಿಸುತ್ತದೆ, ನನಗೆ ಇದಕ್ಕಿಂತ ಒಳ್ಳೆ ಟೂಲ್ ಸಿಕ್ಕಿಲ್ಲ. ಶುರುವಿನಲ್ಲಿ 3.1 ಗಿಗಾಹರ್ಟ್ಸ್ ಇದ್ದದ್ದು ಬಿಸಿ ಏರಿದಂತೆ ಜರ‍್ರನೆ ಇಳಿದು 1.2ಕ್ಕೆ ಬಂತು. ಕಾಕಾ "ಮಧ್ಯಾಹ್ನ ಭಾಳ ಸ್ಲೋ ಆಗ್ತದ" ಅಂದದ್ದಕ್ಕೂ ಇದೇ ಕಾರಣ. ಟರ್ಬೋಸ್ಟ್ಯಾಟ್ ಇಲ್ಲದಿದ್ದರೂ ಪರವಾಗಿಲ್ಲ. ಸಿಸ್ ಫೋಲ್ಡರ್ ಒಳಗೆ ಪ್ರತಿ ಸಿಪಿಯುಗೂ ಥರ್ಮಲ್_ಥ್ರಾಟಲ್ ಅಂತ ಒಂದು ಫೋಲ್ಡರ್ ಇದೆ. ಅದರಲ್ಲಿ ಪ್ಯಾಕೇಜ್_ಥ್ರಾಟಲ್_ಕೌಂಟ್ ಫೈಲ್ ಓದಿ. ಅಲ್ಲಿನ ಸಂಖ್ಯೆ ಏರುತ್ತಿದ್ದರೆ ಮಷಿನ್ ಬಿಸಿಗೆ ಹೆದರಿ ನಿಧಾನ ಆಗುತ್ತಿದೆ ಅಂತ ಅರ್ಥ.

ಇಲ್ಲಿ ಒಂದು ವಿಷಯ, ತುಂಬಾ ಜನ ಬಿಡುತ್ತಾರೆ. ರೂಮಿನ ಟೆಂಪರೇಚರ್ ಬರೆದುಕೊಳ್ಳದೆ ಸಿಪಿಯು ಟೆಂಪರೇಚರ್ ಬರೆದುಕೊಂಡು ಏನೂ ಪ್ರಯೋಜನ ಇಲ್ಲ. ಹೀಟ್‌ಸಿಂಕ್ (ಚಿಪ್‌ನ ಬಿಸಿ ಎಳೆದು ಗಾಳಿಗೆ ಬಿಡುವ ಲೋಹದ ತುಂಡು) ಹೊರಗೆ ಹಾಕುವ ಬಿಸಿ, ಅದಕ್ಕೂ ಸುತ್ತಲಿನ ಗಾಳಿಗೂ ಎಷ್ಟು ಡಿಗ್ರಿ ವ್ಯತ್ಯಾಸ ಇದೆ ಅನ್ನೋದರ ಮೇಲೆ ನಿಂತಿದೆ. ಅಂಗಡಿಯೊಳಗೆ 27 ಇದ್ದದ್ದು 41 ಆದರೆ, ಅದೇ ಕೆಲಸಕ್ಕೆ ಅದೇ ಫ್ಯಾನ್ ಸ್ಪೀಡಿಗೆ ಸಿಪಿಯು ಕೂಡ ಸುಮಾರು 14 ಡಿಗ್ರಿ ಮೇಲೆ ಹೋಗಿ ಕೂರುತ್ತದೆ. ಬೆಂಗಳೂರಿನಲ್ಲಿ ಕೂತು "ನನ್ನ ಟಿ430 ಲೋಡ್‌ನಲ್ಲಿ 80 ದಾಟಲ್ಲ" ಅನ್ನೋರ ಮಾತು ನಂಬಿ ಕಲಬುರಗಿಯ ಏಪ್ರಿಲ್‌ನಲ್ಲಿ ಅದೇ ಅಂಕಿ ಹುಡುಕಿದರೆ ಸಿಗಲ್ಲ. ಬೆಳಿಗ್ಗೆ ಓಡಿ ಮಧ್ಯಾಹ್ನ ನಿಲ್ಲುವ ಮಷಿನ್‌ನ ಗುಟ್ಟೂ ಇಷ್ಟೇ. ಇರಬೇಕಾದ ಅಂತರ ಮೊದಲೇ ಕರಗಿ ಹೋಗಿತ್ತು, ಬಿಸಿಲು ಬಂದಾಗ ಗೊತ್ತಾಯಿತು ಅಷ್ಟೇ. ಹಾಗಾಗಿ ಗೋಡೆಗೆ ತೂಗಿಸುವ ಸಾದಾ ಥರ್ಮಾಮೀಟರ್ ಒಂದನ್ನು ಲ್ಯಾಪ್‌ಟಾಪ್ ಪಕ್ಕ ಇಟ್ಟುಕೊಂಡೇ ಮುಂದಿನ ಅಳತೆ ಎಲ್ಲಾ ಮಾಡಿದ್ದು.

ಈಗ ಅಸಲಿ ಪರೀಕ್ಷೆ. ಇದಕ್ಕೆ ಸಾಫ್ಟ್‌ವೇರ್ ಬೇಡ, ಕೈ ಸಾಕು. ಟಿ430ಯ ಗಾಳಿ ಹೊರಗೆ ಬರುವುದು ಎಡಗಡೆಯಿಂದ. ಲೋಡ್ ಕೊಟ್ಟು, ಆ ಜಾಲರಿಯ ಮುಂದೆ ಅಂಗೈ ಹಿಡಿದು, ಕಣ್ಣು ಆರ್‌ಪಿಎಂ ಮೇಲೆ ಇಟ್ಟು ನೋಡಿ. ಸಿಪಿಯು ಬಿಸಿ ಇದ್ದೂ ಫ್ಯಾನ್ ನಿಧಾನ ತಿರುಗುತ್ತಿದ್ದರೆ ತೊಂದರೆ ಫ್ಯಾನ್ ಅಥವಾ ಅದರ ಕಂಟ್ರೋಲ್‌ನದು. ಫ್ಯಾನ್ ಜೋರಾಗಿ ತಿರುಗಿ, ಗಾಳಿಯೂ ಜೋರಾಗಿ, ಸುಡುವಂತೆ ಬರುತ್ತಿದ್ದರೆ ಕೂಲಿಂಗ್ ತನ್ನ ಕೆಲಸ ಮಾಡುತ್ತಿದೆ, ಲೋಡೇ ಜಾಸ್ತಿ ಅಥವಾ ರೂಮೇ ಬಿಸಿ. ಫ್ಯಾನ್ ಜೋರು, ಗಾಳಿ ಮಾತ್ರ ಸಣ್ಣಗೆ ಬಂದರೆ ದಾರಿ ಕಟ್ಟಿದೆ. ಗಾಳಿ ಚೆನ್ನಾಗಿ ಬಂದು ತಣ್ಣಗಿದ್ದರೆ ಚಿಪ್‌ನ ಬಿಸಿ ಹೀಟ್‌ಸಿಂಕ್‌ವರೆಗೆ ಬರುತ್ತಲೇ ಇಲ್ಲ, ಅಂದರೆ ಅವೆರಡರ ನಡುವೆ ಬಿಸಿ ದಾಟಿಸಲು ಹಚ್ಚುವ ಪೇಸ್ಟ್ ಒಣಗಿದೆ. ನಮ್ಮ ಮಷಿನ್‌ನಲ್ಲಿ ಆರ್‌ಪಿಎಂ 3900, ಸಿಪಿಯು 95, ಅಂಗೈಗೆ ತಾಗಿದ್ದು ಉಗುರುಬೆಚ್ಚಗಿನ ಒಂದಿಷ್ಟು ಗಾಳಿ. ಫ್ಯಾನ್‌ನದ್ದು ತಪ್ಪಿಲ್ಲ.

ಅದಕ್ಕೇ ಹೇಳೋದು, ಬಿಸಿ ಅಂದ ತಕ್ಷಣ ಫ್ಯಾನ್ ಕಂಟ್ರೋಲ್ ಮಾಡುವ ಸಾಫ್ಟ್‌ವೇರ್ ಹುಡುಕೋಕೆ ಹೋಗಬೇಡಿ ಅಂತ. ಗಾಳಿ ಹೋಗೋ ದಾರಿಯೇ ಮುಚ್ಚಿದ್ದರೆ ಯಾವ ಕಾನ್ಫಿಗ್ ಫೈಲ್ ಬರೆದರೂ ಸದ್ದು ಮಾತ್ರ ಜಾಸ್ತಿ ಆಗುತ್ತದೆ.

ಬಿಚ್ಚುವ ಮುಂಚೆ ಇನ್ನೊಂದು ನೋಡಬೇಕಿತ್ತು. ಏನೂ ಮಾಡದೇ ಇದ್ದಾಗ 70 ಯಾಕೆ? ಯಾವ ಪ್ರೋಗ್ರಾಂ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ಹಾಕಿದರೆ ಜಿಎಸ್ ಅನ್ನೋ ಪ್ರೊಸೆಸ್ ಒಂದು ಥ್ರೆಡ್ ಪೂರ್ತಿ ತಿನ್ನುತ್ತಾ ಕೂತಿತ್ತು. ಜಿಎಸ್ ಅಂದರೆ ಗೋಸ್ಟ್‌ಸ್ಕ್ರಿಪ್ಟ್, ಪ್ರಿಂಟ್ ಕೊಟ್ಟ ಪಿಡಿಎಫ್ ಅನ್ನು ಪ್ರಿಂಟರ್‌ಗೆ ತಿಳಿಯುವ ರೂಪಕ್ಕೆ ತರುವ ಕೆಲಸ ಅದರದ್ದು. ಯಾರೋ ಗಿರಾಕಿ ಪೆನ್‌ಡ್ರೈವ್‌ನಲ್ಲಿ ತಂದ ಕೆಟ್ಟ ಪಿಡಿಎಫ್ ಒಂದಕ್ಕೆ ಪ್ರಿಂಟ್ ಕೊಟ್ಟಿದ್ದಾರೆ, ಅದು ಬಂದಿಲ್ಲ, ಗಿರಾಕಿ ಬೇರೆ ಕಡೆ ಹೋಗಿದ್ದಾರೆ, ಆ ಜಾಬ್ ಮಾತ್ರ ಕ್ಯೂನಲ್ಲೇ ಕೂತು ಪ್ರತಿ ಸಲ ಆನ್ ಮಾಡಿದಾಗಲೂ ಮತ್ತೆ ಶುರುವಾಗುತ್ತಿದೆ. ಎಲ್‌ಪಿಸ್ಟ್ಯಾಟ್ ಮೈನಸ್ ಓ ಹಾಕಿದರೆ ಜಾಬ್ ಕಾಣುತ್ತದೆ, ಕ್ಯಾನ್ಸಲ್ ಮೈನಸ್ ಎ ಹಾಕಿದರೆ ಎಲ್ಲಾ ಜಾಬ್ ಹೋಗುತ್ತದೆ. ಅಷ್ಟಕ್ಕೇ 70 ಇದ್ದದ್ದು 63ಕ್ಕೆ ಬಂತು. ಝೆರಾಕ್ಸ್ ಅಂಗಡಿಗಳಲ್ಲಿ ಲಿನಕ್ಸ್ ಇಟ್ಟುಕೊಂಡವರು ಪ್ರಿಂಟ್ ಕ್ಯೂ ಕಡೆ ಒಂದು ಕಣ್ಣು ಇಡಿ.

ಎರಡನೇ ಕಳ್ಳ ಯೂಟ್ಯೂಬ್. ಈ ಪ್ರೊಸೆಸರ್ ಒಳಗಿನ ಎಚ್‌ಡಿ 4000 ಗ್ರಾಫಿಕ್ಸ್‌ಗೆ ಎಚ್.264 ಅನ್ನೋ ರೂಪದಲ್ಲಿ ಕುಗ್ಗಿಸಿದ ವಿಡಿಯೋ ಬಿಡಿಸಲು ಬೇರೆ ಹಾರ್ಡ್‌ವೇರ್ ಇದೆ. ವಿಪಿ9, ಎವಿ1 ಅನ್ನೋ ಇನ್ನೆರಡು ರೂಪಕ್ಕೆ ಇಲ್ಲ, ಅವು ಬಂದದ್ದೇ ಈ ಚಿಪ್ ಆದ ಮೇಲೆ. ಯೂಟ್ಯೂಬ್ ಬ್ರೌಸರ್‌ಗೆ ವಿಪಿ9 ಕಳಿಸಿದರೆ ಪೂರ್ತಿ ಹೊರೆ ಸಿಪಿಯು ಮೇಲೆ. ಮದ್ದು ಎರಡು ಹೆಜ್ಜೆಯದು. ಒಂದು, ಆ ಹಾರ್ಡ್‌ವೇರ್ ಬಳಸಲು ಬೇಕಾದ ಐ965-ವಿಎ-ಡ್ರೈವರ್ ಇದೆಯಾ ಅಂತ ವಿಎಇನ್ಫೋ ಹಾಕಿ ನೋಡುವುದು. ಹೊಸದಾದ ಇಂಟೆಲ್-ಮೀಡಿಯಾ-ಡ್ರೈವರ್ ಬ್ರಾಡ್‌ವೆಲ್ ಅನ್ನೋ ಇಂಟೆಲ್‌ನ ಐದನೇ ತಲೆಮಾರಿನಿಂದ ಈಚಿನ ಚಿಪ್‌ಗಳಿಗೆ ಮಾತ್ರ, ಇಲ್ಲಿ ಉಪಯೋಗ ಇಲ್ಲ. ಎರಡು, ಬ್ರೌಸರ್‌ಗೆ ಎಚ್264ಇಫೈ ಅನ್ನೋ ಎಕ್ಸ್‌ಟೆನ್ಷನ್ ಹಾಕಿ ಯೂಟ್ಯೂಬ್‌ನಿಂದ ಎಚ್.264 ಮಾತ್ರ ಕೇಳುವಂತೆ ಮಾಡುವುದು. ಫೈರ್‌ಫಾಕ್ಸ್ 115ರಿಂದ ಲಿನಕ್ಸ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್‌ಗೆ ಹಾರ್ಡ್‌ವೇರ್ ಡಿಕೋಡಿಂಗ್ ತಾನೇ ಆನ್ ಇರುತ್ತದೆ, ಹಾಗಾಗಿ ಬೇರೆ ಸೆಟ್ಟಿಂಗ್ ಕೆದಕಲಿಲ್ಲ. ವಿಡಿಯೋ ಓಡುವಾಗಿನ ಸಿಪಿಯು ಬಳಕೆ ಅರ್ಧಕ್ಕಿಂತ ಕೆಳಗೆ ಬಂತು.

ಈಗ ಬಿಚ್ಚುವ ಕೆಲಸ. ಈ ಸೀರೀಸ್‌ಗೆ ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನ್ಯುಯಲ್ ಅಂತ ಪಿಡಿಎಫ್ ಪುಕ್ಕಟೆ ಸಿಗುತ್ತದೆ, ಯಾವ ಸ್ಕ್ರೂ ಎಷ್ಟು ಉದ್ದ ಅಂತ ಕೂಡ ಅದರಲ್ಲಿದೆ. ಅಡಾಪ್ಟರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ತಳದಲ್ಲಿ ಕೆಲವು ಸ್ಕ್ರೂಗಳ ಪಕ್ಕ ಕೀಬೋರ್ಡ್‌ನ ಪುಟ್ಟ ಚಿತ್ರ ಇರುತ್ತದೆ. ಅವನ್ನು ಬಿಚ್ಚಿ, ಕೀಬೋರ್ಡನ್ನು ಸ್ಕ್ರೀನ್ ಕಡೆ ತುಸು ತಳ್ಳಿದರೆ ಮೇಲೆದ್ದು ಬರುತ್ತದೆ. ಕೆಳಗೆ ಕನೆಕ್ಟರ್ ಇದೆ, ಎಳೆಯಬೇಡಿ, ಎತ್ತಿ ಬಿಡಿಸಿ. ಆಮೇಲೆ ಸುತ್ತಲಿನ ಪ್ಲಾಸ್ಟಿಕ್ ಫ್ರೇಮು. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಒಂದು ಹಾಳೆಗೆ ಟೇಪ್ ಹಚ್ಚಿ ಅಂಟಿಸುತ್ತಾ ಹೋದೆ. ಝೆರಾಕ್ಸ್ ಅಂಗಡಿ ಅಲ್ವಾ, ಹಾಳೆಗೂ ಟೇಪಿಗೂ ಏನು ಬರ.

ಫ್ಯಾನ್ ಮತ್ತು ಹೀಟ್‌ಸಿಂಕ್ ಒಂದೇ ಜೋಡಣೆಯಾಗಿ ಬರುತ್ತವೆ. ಎತ್ತಿ ಫ್ಯಾನ್ ಮೇಲಿನ ಮುಚ್ಚಳ ತೆಗೆದಾಗ ಬ್ಲೇಡುಗಳು ಅಷ್ಟೇನೂ ಕೊಳಕಿರಲಿಲ್ಲ. ಆದರೆ ಬ್ಲೇಡಿಗೂ ತಾಮ್ರದ ಫಿನ್‌ಗಳಿಗೂ ನಡುವೆ ಇರುವ ಜಾಗದಲ್ಲಿ, ಫಿನ್‌ಗಳ ಅಷ್ಟುದ್ದಕ್ಕೂ, ಬೂದು ಬಣ್ಣದ ಕಂಬಳಿ ತುಂಡಿನಂತೆ ಒಂದು ಪದರ ಒತ್ತಿಕೊಂಡಿತ್ತು. ಚಿಮಟದಿಂದ ಹಿಡಿದು ಎಳೆದರೆ ಹರಿಯದೆ ಇಡಿಯಾಗಿ ಬಂತು. ಬೆಳಕಿಗೆ ಹಿಡಿದು ನೋಡಿದೆ. ಸಾದಾ ರಸ್ತೆ ಧೂಳು ಸ್ವಲ್ಪ, ಕಾಗದದ ಬಿಳಿ ನಾರು ತುಂಬಾ, ನಡುನಡುವೆ ಕಂದು ಬಣ್ಣದ ಎಳೆಗಳು. ಆ ಎಳೆ ಎಲ್ಲಿಂದ ಬಂದವು ಅಂತ ತಲೆ ಎತ್ತಿ ನೋಡಿದರೆ ಎದುರಿಗೇ ಏರ್ ಕೂಲರ್ ನಿಂತಿತ್ತು. ಅದರ ಬದಿಗೆ ತುಂಬುವ ಹುಲ್ಲು ಹಳೆಯದಾಗಿ ಉದುರುತ್ತಾ, ಗಾಳಿಯ ಜೊತೆ ನೇರ ಲ್ಯಾಪ್‌ಟಾಪ್ ಕಡೆಗೇ ಬರುತ್ತಿತ್ತು. ಕೂಲರ್ ಗಾಳಿಯಲ್ಲಿ ತೇವ ಇರುವುದರಿಂದ ಧೂಳು ಒಣಗಿ ಉದುರದೆ ಅಂಟಿಕೊಂಡು ಗಟ್ಟಿಯಾಗಿದೆ. ಹೊರಗಿನಿಂದ ಬ್ಲೋವರ್ ಹಿಡಿದಿದ್ದರೆ ಈ ಪದರ ಅಲ್ಲಾಡುತ್ತಿರಲಿಲ್ಲ.

ಉಳಿದ ಪುಡಿಗೆ ಪೇಂಟ್ ಬ್ರಷ್ ಮತ್ತು ಬ್ಲೋವರ್. ಬ್ಲೋವರ್ ಹಿಡಿಯುವಾಗ ಫ್ಯಾನ್ ಬ್ಲೇಡನ್ನು ಬೆರಳಿನಿಂದ ಹಿಡಿದೇ ಇರಿ. ಬಿಟ್ಟರೆ ಅಳತೆ ಮೀರಿ ಗಿರ‍್ರನೆ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಚಿಪ್ ಮೇಲಿನ ಪೇಸ್ಟ್ ಸುಣ್ಣ ಒಣಗಿದ ಹಾಗಾಗಿ ಉಗುರು ತಾಗಿಸಿದರೆ ಪುಡಿಯಾಗುತ್ತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ನಿಧಾನ ಒರೆಸಿ ತೆಗೆದೆ. ಬ್ಲೇಡು, ಸ್ಕ್ರೂಡ್ರೈವರ್ ತುದಿ ಹಾಕಿ ಕೆರೆಯೋದು ಬೇಡ, ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮೇಲೆ ಡೆಸ್ಕ್‌ಟಾಪ್‌ನವುಗಳಿಗೆ ಇರುವ ಲೋಹದ ಮುಚ್ಚಳ ಇರಲ್ಲ, ಸಿಲಿಕಾನ್ ತುಂಡು ಬರಿದಾಗಿ ಕಾಣುತ್ತಿರುತ್ತದೆ, ಅಂಚು ಒಡೆದರೆ ಮುಗಿಯಿತು. ಹೊಸ ಪೇಸ್ಟ್ ಅಕ್ಕಿಕಾಳಿನಷ್ಟು ಹಾಕಿ, ಮೂಲೆವರೆಗೂ ತೆಳ್ಳಗೆ ಹರಡಿದೆ. ಮುಚ್ಚಳ ಇಲ್ಲದ ಚಿಪ್‌ನಲ್ಲಿ ಒಂದು ಮೂಲೆ ಬಿಟ್ಟರೂ ಆ ಜಾಗ ಬೇರೆಯಾಗಿ ಕಾಯುತ್ತದೆ. ಹೀಟ್‌ಸಿಂಕ್ ಸ್ಕ್ರೂಗಳನ್ನು ಎದುರು ಬದುರು, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಮುಚ್ಚುವ ಮುಂಚೆ ಫ್ಯಾನ್ ವೈರ್ ಕನೆಕ್ಟರ್ ಕೂತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಆನ್ ಮಾಡಿದ ಕೂಡಲೇ 'ಫ್ಯಾನ್ ಎರರ್' ಅಂತ ತೋರಿಸಿ ಮಷಿನ್ ನಿಲ್ಲುತ್ತದೆ.

ಅಂಗಡಿಯಲ್ಲಿ 38 ಡಿಗ್ರಿ ಇದ್ದಾಗ ಮತ್ತೆ ಅಳೆದೆ. ಸುಮ್ನೆ ಇದ್ದಾಗ 53. ನಾಲ್ಕೂ ಥ್ರೆಡ್ ಲೋಡ್ ಕೊಟ್ಟು ಕಾಲು ಗಂಟೆ ಬಿಟ್ಟರೂ 86ರ ಆಸುಪಾಸು ನಿಂತಿತು, ಗಡಿಯಾರ ವೇಗ 3.1ರಿಂದ ಕೆಳಗೆ ಇಳಿಯಲಿಲ್ಲ, ಥ್ರಾಟಲ್ ಕೌಂಟ್ ಸೊನ್ನೆ. ಕಾಕಾ ಎಡಗಡೆ ಕೈ ಹಿಡಿದು ನೋಡಿ ಗಾಬರಿಯಾದ. "ಮೊದಲಿಗಿಂತ ಜಾಸ್ತಿ ಬಿಸಿ ಗಾಳಿ ಬರ್ಲಿಕತ್ತದಲ್ಲೋ, ಮತ್ತ ಕೆಟ್ಟದೇನು?" ಕೆಟ್ಟಿಲ್ಲ ಕಾಕಾ, ಇಷ್ಟು ದಿನ ಒಳಗೇ ಉಳಿಯುತ್ತಿದ್ದ ಬಿಸಿ ಈಗ ಹೊರಗೆ ಬರುತ್ತಿದೆ, ನೀವು ಹಿಡಿದಿರೋದು ಅದನ್ನೇ ಅಂದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಮಷಿನ್ ಆಫ್ ಆಗುವುದು ನಿಂತಿತ್ತು. ಆದರೆ ಫ್ಯಾನ್ ನಡವಳಿಕೆ ನನಗೆ ಹಿಡಿಸಲಿಲ್ಲ. ಆಟೋದಲ್ಲಿ ಬಿಟ್ಟರೆ ಸಿಪಿಯು 70 ದಾಟಿದರೂ ಸೋಮಾರಿಯಾಗಿ ತಿರುಗುತ್ತದೆ, ಆಮೇಲೆ ಒಮ್ಮೆಲೇ ಏರುತ್ತದೆ, ಏರಿದ್ದು ಬೇಗ ಇಳಿಯಲ್ಲ. ಈ ಆಟೋ ನಡೆಸುವುದು ಲಿನಕ್ಸ್ ಅಲ್ಲ. ಬೋರ್ಡ್ ಮೇಲೆ ಎಂಬೆಡೆಡ್ ಕಂಟ್ರೋಲರ್ ಅಂತ ಬೇರೆಯೇ ಒಂದು ಪುಟ್ಟ ಚಿಪ್ ಇದೆ, ಕೀಬೋರ್ಡು, ಬ್ಯಾಟರಿ, ಫ್ಯಾನ್ ಎಲ್ಲಾ ಅದರ ಕೈಯಲ್ಲಿ. ಯಾವ ಓಎಸ್ ಹಾಕಿದರೂ ಅದು ತನ್ನ ಕೋಷ್ಟಕದ ಪ್ರಕಾರವೇ ನಡೆಯುತ್ತದೆ. ಲಿನಕ್ಸ್‌ನಿಂದ ಬಿಸಿ ಅನ್ನೋ ಮಾತು ಅರ್ಧ ಬಿದ್ದು ಹೋಗುವುದು ಇಲ್ಲೇ.

ಥಿಂಕ್‌ಪ್ಯಾಡ್‌ಗಳಲ್ಲಿ ಒಂದು ಅನುಕೂಲ ಉಂಟು. ಕರ್ನಲ್‌ನಲ್ಲಿರುವ ಥಿಂಕ್‌ಪ್ಯಾಡ್_ಎಸಿಪಿಐ ಮಾಡ್ಯೂಲ್ ಆ ಕಂಟ್ರೋಲರ್ ಜೊತೆ ಮಾತಾಡುತ್ತದೆ. /ಪ್ರಾಕ್/ಎಸಿಪಿಐ/ಐಬಿಎಂ/ಫ್ಯಾನ್ ಅನ್ನೋ ಫೈಲ್ ಓದಿದರೆ ಸ್ಟೇಟಸ್, ಸ್ಪೀಡ್, ಲೆವೆಲ್ ಮೂರೂ ಸಿಗುತ್ತವೆ. ಬರೆಯಲು ಮಾತ್ರ ಬಿಡಲ್ಲ, ಸುರಕ್ಷತೆಗಾಗಿ ಅದನ್ನು ಮೊದಲೇ ಬಂದ್ ಇಟ್ಟಿದ್ದಾರೆ. ತೆರೆಯಬೇಕಾದರೆ /ಇಟಿಸಿ/ಮಾಡ್‌ಪ್ರೋಬ್.ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ, ಆಪ್ಷನ್ಸ್ ಥಿಂಕ್‌ಪ್ಯಾಡ್_ಎಸಿಪಿಐ ಫ್ಯಾನ್_ಕಂಟ್ರೋಲ್=1 ಅಂತ ಒಂದೇ ಸಾಲು ಬರೆದು, ಮಾಡ್ಯೂಲ್ ತೆಗೆದು ಮತ್ತೆ ಲೋಡ್ ಮಾಡಬೇಕು, ಅಥವಾ ರೀಬೂಟ್. ಆಮೇಲೆ ಅದೇ ಫೈಲ್ ಓದಿದರೆ ಕೆಳಗೆ ಕಮಾಂಡ್‌ಗಳ ಪಟ್ಟಿಯೂ ಕಾಣುತ್ತದೆ: ಲೆವೆಲ್ 0ಯಿಂದ 7, ಆಟೋ, ಫುಲ್-ಸ್ಪೀಡ್, ಡಿಸ್‌ಎಂಗೇಜ್ಡ್, ಜೊತೆಗೆ ವಾಚ್‌ಡಾಗ್.

ರೂಟ್ ಆಗಿ 'ಲೆವೆಲ್ 7' ಅಂತ ಎಕೋ ಮಾಡಿ ಆ ಫೈಲಿಗೆ ಕಳಿಸಿದೆ, ಆರ್‌ಪಿಎಂ 4000ದ ಹತ್ತಿರ ಹೋಯಿತು. 'ಲೆವೆಲ್ ಡಿಸ್‌ಎಂಗೇಜ್ಡ್' ಕೊಟ್ಟಾಗ 5000 ದಾಟಿತು. ಡಿಸ್‌ಎಂಗೇಜ್ಡ್ ಅಂದರೆ ಕಂಟ್ರೋಲರ್ ಸ್ಪೀಡ್ ಅಳೆದು ಹಿಡಿತದಲ್ಲಿ ಇಡುವುದನ್ನೇ ಬಿಟ್ಟು ಫ್ಯಾನ್‌ಗೆ ಪೂರ್ತಿ ಪವರ್ ಕೊಡುತ್ತದೆ. ತುರ್ತಿಗೆ ಸರಿ, ದಿನವಿಡೀ ಇಟ್ಟರೆ ಬೇರಿಂಗ್ ಬಾಳಲ್ಲ. ಇನ್ನು ಲೆವೆಲ್ 0 ಕೊಟ್ಟು ಮರೆತು ಎದ್ದು ಹೋಗುವುದಂತೂ ಬೇಡವೇ ಬೇಡ, ಫ್ಯಾನ್ ನಿಂತೇ ಇರುತ್ತದೆ. ಕೈಯಿಂದ ಪರೀಕ್ಷೆ ಮಾಡುವಾಗ ಮೊದಲು 'ವಾಚ್‌ಡಾಗ್ 60' ಅಂತ ಬರೆಯಿರಿ. 60 ಸೆಕೆಂಡಿನೊಳಗೆ ಹೊಸ ಆಜ್ಞೆ ಬರದಿದ್ದರೆ ಡ್ರೈವರ್ ಫ್ಯಾನನ್ನು ಮತ್ತೆ ಚಾಲೂ ಮಾಡುತ್ತದೆ. 1ರಿಂದ 120 ಸೆಕೆಂಡ್‌ವರೆಗೆ ಏನು ಬೇಕಾದರೂ ಕೊಡಬಹುದು.

ಕೈಯಿಂದ ಮಾಡುವುದನ್ನೇ ಹೊತ್ತು ಹೊತ್ತಿಗೆ ಮಾಡುವ ಪ್ರೋಗ್ರಾಂ ಥಿಂಕ್‌ಫ್ಯಾನ್. 1.0 ಆವೃತ್ತಿಯಿಂದ ಇದರ ಕಾನ್ಫಿಗ್ ಯಾಮಲ್ (ಸಾಲಿನ ಮುಂದಿನ ಸ್ಪೇಸ್‌ಗೂ ಅರ್ಥ ಇರುವ ಒಂದು ಬಗೆಯ ಪಠ್ಯ ಫೈಲ್) ರೂಪದಲ್ಲಿ ಬಂದಿದೆ, ಹಳೆ ಕಾನ್ಫ್ ಫೈಲ್ ಎಲ್ಲಿಂದಲೋ ಕಾಪಿ ಮಾಡಿ ಯಾಮಲ್ ಫೈಲ್‌ಗೆ ಹಾಕಿದರೆ ಓಡಲ್ಲ. ಮೂರು ಭಾಗ: ಯಾವ ಸೆನ್ಸರ್ ನೋಡಬೇಕು, ಯಾವ ಫ್ಯಾನ್ ತಿರುಗಿಸಬೇಕು, ಎಷ್ಟು ಬಿಸಿಗೆ ಯಾವ ಲೆವೆಲ್. ನಾನು ಬರೆದ ಲೆವೆಲ್‌ಗಳು ಇವು:

[2, 0, 56]
[4, 51, 65]
[6, 60, 74]
[7, 68, 86]
["ಲೆವೆಲ್ ಡಿಸ್‌ಎಂಗೇಜ್ಡ್", 80, 255]

ಮೊದಲನೇದು ಲೆವೆಲ್, ಎರಡನೇದು ಇದಕ್ಕಿಂತ ಕೆಳಗೆ ಬಂದರೆ ಒಂದು ಮೆಟ್ಟಿಲು ಇಳಿ, ಮೂರನೇದು ಇದನ್ನು ದಾಟಿದರೆ ಒಂದು ಮೆಟ್ಟಿಲು ಹತ್ತು. ಒಂದು ಸಾಲಿನ ಮೇಲಿನ ಮಿತಿ ಮತ್ತು ಮುಂದಿನ ಸಾಲಿನ ಕೆಳಗಿನ ಮಿತಿ ಬೇಕಂತಲೇ ಒಂದರ ಮೇಲೊಂದು ಹಾಯುವಂತೆ ಇಟ್ಟಿದ್ದೇನೆ. ಎರಡೂ ಒಂದೇ ಅಂಕಿ ಇದ್ದರೆ ಆ ಅಂಕಿಯ ಹತ್ತಿರ ಸಿಪಿಯು ಸುಳಿದಾಡಿದಾಗಲೆಲ್ಲಾ ಫ್ಯಾನ್ ಏರುವುದು ಇಳಿಯುವುದು ಮಾಡುತ್ತಾ ತಲೆ ತಿನ್ನುತ್ತದೆ. ಐದಾರು ಡಿಗ್ರಿ ಅಂತರ ಕೊಟ್ಟರೆ ಆ ಕಿರಿಕಿರಿ ಇಲ್ಲ. ಲೆವೆಲ್ 0 ಹಾಕಲೇ ಇಲ್ಲ, ಆ ಊರಿನ ಬೇಸಿಗೆಗೆ ಫ್ಯಾನ್ ನಿಲ್ಲಿಸುವ ಆಸೆ ದುಬಾರಿ. ಬೆಂಗಳೂರು, ಮಡಿಕೇರಿ ಕಡೆಯವರು ಮೊದಲ ಸಾಲಿಗೆ 0 ಇಟ್ಟುಕೊಂಡು ಸದ್ದಿಲ್ಲದ ಮಷಿನ್ ಅನುಭವಿಸಿ.

ಸೆನ್ಸರ್ ಭಾಗದಲ್ಲಿ ಒಂದು ಗುಂಡಿ ಇದೆ. ಎಷ್ಟೋ ಕಡೆ ಕರ್ನಲ್ ಸೆನ್ಸರ್‌ಗಳಿಗೆ ಕೊಡುವ ಎಚ್‌ಡಬ್ಲ್ಯೂಮಾನ್3, ಎಚ್‌ಡಬ್ಲ್ಯೂಮಾನ್4 ಅಂತ ನಂಬರ್ ಸಮೇತ ಪೂರ್ತಿ ಪಾತ್ ಬರೆದಿರುತ್ತಾರೆ. ಆ ನಂಬರ್‌ಗೆ ಗ್ಯಾರಂಟಿ ಇಲ್ಲ. ಡ್ರೈವರ್‌ಗಳು ಲೋಡ್ ಆಗುವ ಕ್ರಮ ಬದಲಾದರೆ ನಂಬರೂ ಬದಲಾಗುತ್ತದೆ. ಇವತ್ತು ಸಿಪಿಯು ಇದ್ದ ನಂಬರಿಗೆ ಕರ್ನಲ್ ಅಪ್‌ಡೇಟ್ ಆದ ಮೇಲೆ ಬ್ಯಾಟರಿ ಬಂದು ಕೂರಬಹುದು, ಆಗ ಥಿಂಕ್‌ಫ್ಯಾನ್ ಶುರುವೇ ಆಗಲ್ಲ. ಬದಲಿಗೆ /ಸಿಸ್/ಕ್ಲಾಸ್/ಎಚ್‌ಡಬ್ಲ್ಯೂಮಾನ್ ಅಂತ ಮೇಲಿನ ಫೋಲ್ಡರ್ ಕೊಟ್ಟು, ನೇಮ್ ಮುಂದೆ ಕೋರ್‌ಟೆಂಪ್, ಇಂಡೈಸಸ್ ಮುಂದೆ [1] ಬರೆದರೆ ಹೆಸರಿನಿಂದಲೇ ಹುಡುಕಿಕೊಳ್ಳುತ್ತದೆ.

ಸರ್ವಿಸ್ ಆಗಿ ಹಚ್ಚುವ ಮುಂಚೆ ಥಿಂಕ್‌ಫ್ಯಾನ್ ಮೈನಸ್ ಎನ್ ಹಾಕಿ ಟರ್ಮಿನಲ್‌ನಲ್ಲೇ ಓಡಿಸಿ ನೋಡಿ. ಯಾಮಲ್‌ನಲ್ಲಿ ಒಂದು ಸ್ಪೇಸ್ ಆಚೀಚೆ ಆಗಿದ್ದರೂ ಅಲ್ಲೇ ಗೊತ್ತಾಗುತ್ತದೆ. ಲೋಡ್ ಕೊಟ್ಟು, ಲೆವೆಲ್ ಏರುವುದನ್ನು ಕಣ್ಣಾರೆ ನೋಡಿ, ಆಮೇಲೆ ಸಿಸ್ಟಂಸಿಟಿಎಲ್‌ನಿಂದ ಎನೇಬಲ್ ಮಾಡಿ. ಮುಚ್ಚಳ ಮುಚ್ಚಿ ಸಸ್ಪೆಂಡ್ ಮಾಡಿ ತೆರೆದ ಮೇಲೂ ಒಮ್ಮೆ ಆರ್‌ಪಿಎಂ ನೋಡಿ. ಸಸ್ಪೆಂಡ್‌ನಿಂದ ಎದ್ದಾಗ ಅದನ್ನು ಎಚ್ಚರಿಸಲು ಬೇರೆ ಪುಟ್ಟ ಸರ್ವಿಸ್‌ಗಳು ಪ್ಯಾಕೇಜ್ ಜೊತೆಗೇ ಬರುತ್ತವೆ. ಥಿಂಕ್‌ಫ್ಯಾನ್ ಕೂಡ ವಾಚ್‌ಡಾಗ್ ಬಳಸುತ್ತದೆ, ಹಾಗಾಗಿ ಅದು ಯಾವಾಗಾದರೂ ಸತ್ತು ಬಿದ್ದರೂ ಫ್ಯಾನ್ ಅನಾಥ ಆಗಲ್ಲ.

ಇಷ್ಟಾದ ಮೇಲೆ ಟರ್ಬೋ ಕೂಡ ಆಫ್ ಮಾಡಿದೆ, ಇದಕ್ಕೆ ಕೆಲವರು ಒಪ್ಪಲ್ಲ. ಈ ಚಿಪ್ 2.6 ಗಿಗಾಹರ್ಟ್ಸ್‌ನದು, ಟರ್ಬೋದಲ್ಲಿ 3.3ರವರೆಗೆ ಹೋಗುತ್ತದೆ. ವೇಗ ಏರಿಸಲು ವೋಲ್ಟೇಜ್ ಏರಿಸಬೇಕು, ಪವರ್ ಏರುವುದು ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ. ಹಾಗಾಗಿ ಕೊನೆಯ ಒಂದಿಷ್ಟು ವೇಗಕ್ಕೆ ಕೊಡುವ ಬೆಲೆ ಜಾಸ್ತಿ. ಪವರ್ ಉಳಿಸುವ ಟೂಲ್ ಟಿಎಲ್‌ಪಿಯ ಕಾನ್ಫಿಗ್‌ನಲ್ಲಿ ಸಿಪಿಯು_ಬೂಸ್ಟ್_ಆನ್_ಎಸಿ=0 ಬರೆದೆ. ಪೂರ್ತಿ ಲೋಡ್‌ನಲ್ಲಿ ಟರ್ಬೋಸ್ಟ್ಯಾಟ್ ತೋರಿಸುತ್ತಿದ್ದ 28 ವಾಟ್ 20ಕ್ಕೆ ಬಂತು, ಟೆಂಪರೇಚರ್ 86ರಿಂದ 74ಕ್ಕೆ. ಅರ್ಜಿ ಟೈಪ್ ಮಾಡುವವರಿಗೆ ಈ ವ್ಯತ್ಯಾಸ ಬೆರಳಿಗೂ ಗೊತ್ತಾಗಲ್ಲ. ವಿಡಿಯೋ ಎಡಿಟ್ ಮಾಡುವ ಮಷಿನ್ ಆಗಿದ್ದರೆ ನಾನು ಇದನ್ನು ಮುಟ್ಟುತ್ತಿರಲಿಲ್ಲ.

ಥಿಂಕ್‌ಪ್ಯಾಡ್ ಅಲ್ಲದವರಿಗೆ ಚುಟುಕಾಗಿ: ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಎನ್‌ಸಿಟಿ6775 ಅಥವಾ ಐಟಿ87 ಡ್ರೈವರ್ ಬೇಕಾಗುತ್ತದೆ, ಆಮೇಲೆ ಪಿಡಬ್ಲ್ಯೂಎಂಕಾನ್ಫಿಗ್, ಫ್ಯಾನ್‌ಕಂಟ್ರೋಲ್ ಜೋಡಿ ಸಾಕು. ಆದರೆ ಡೆಸ್ಕ್‌ಟಾಪ್‌ನಲ್ಲಿ ಬಯಾಸ್ ಒಳಗಿನ ಫ್ಯಾನ್ ಸೆಟ್ಟಿಂಗೇ ನನಗೆ ಇಷ್ಟ, ಓಎಸ್ ಬಿದ್ದರೂ ಅದು ನಡೆಯುತ್ತಿರುತ್ತದೆ. ಡೆಲ್ ಲ್ಯಾಪ್‌ಟಾಪ್‌ಗಳಿಗೆ ಡೆಲ್_ಎಸ್‌ಎಂಎಂ_ಎಚ್‌ಡಬ್ಲ್ಯೂಮಾನ್ ಇದೆ. ಉಳಿದ ಎಷ್ಟೋ ಲ್ಯಾಪ್‌ಟಾಪ್‌ಗಳು ಫ್ಯಾನ್ ಮುಟ್ಟಲು ಬಿಡುವುದೇ ಇಲ್ಲ. ಅವುಗಳಿಗೆ ಬ್ರಷ್, ಪೇಸ್ಟ್, ಟರ್ಬೋ ಆಫ್.

ಕಡೆಗೆ ಜಾಗದ ವಿಷಯ. ಲ್ಯಾಪ್‌ಟಾಪ್ ಎಡಗಡೆ, ಗಾಳಿ ಬರುವ ಜಾಲರಿಗೆ ಆತುಕೊಂಡೇ, ಎ4 ಹಾಳೆಯ ರೀಮ್‌ಗಳ ಸಾಲು ಇತ್ತು. ಹೊರಗೆ ಬಂದ ಬಿಸಿ ಗಾಳಿ ರೀಮ್‌ಗೆ ಬಡಿದು ತಿರುಗಿ ತಳಕ್ಕೇ ಹೋಗುತ್ತಿತ್ತು. ತಳದಲ್ಲಿ ರೆಕ್ಸಿನ್ ಹೊದಿಕೆ, ಅದು ಮೆತ್ತಗೆ ಉಬ್ಬಿ ಗಾಳಿ ಒಳಗೆ ಎಳೆಯುವ ತೂತುಗಳನ್ನು ಮುಚ್ಚುತ್ತಿತ್ತು. ರೀಮ್‌ಗಳನ್ನು ಬಲಗಡೆಗೆ ಸಾಗಿಸಿ, ಲ್ಯಾಪ್‌ಟಾಪ್ ಹಿಂಬದಿಗೆ ಎರಡು ಮರದ ಪಟ್ಟಿ ಕೊಟ್ಟು ಎತ್ತರಿಸಿದೆ. ಇಷ್ಟಕ್ಕೇ ಮೂರು ಡಿಗ್ರಿ ಇಳಿಯಿತು. ಕೂಲರ್ ಮುಖ ಗಿರಾಕಿಗಳ ಬೆಂಚಿನ ಕಡೆಗೆ ತಿರುಗಿತು, ಅದರ ಹುಲ್ಲೂ ಹೊಸದಾಯಿತು. ಕಾಕಾನಿಗೆ ಇದೊಂದೇ ಸ್ವಲ್ಪ ಬೇಜಾರು, ಈಗ ಗಾಳಿ ಅವನಿಗೆ ನೇರ ಬರಲ್ಲ.

ಉಳಿದಿರುವುದು ಒಂದು ಕೆಲಸ. ಲೆವೆಲ್ 2ರಲ್ಲಿ ಕಿವಿ ಹತ್ತಿರ ಇಟ್ಟರೆ ಸಣ್ಣಗೆ ಟಿಕ್ ಟಿಕ್ ಕೇಳುತ್ತದೆ, ಬೇರಿಂಗ್ ಸವೆದಿದೆ. ಹೊಸ ಫ್ಯಾನ್ ಜೋಡಣೆಯನ್ನು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹುಡುಕಬೇಕು. ನೀವೂ ತಗೊಳ್ಳುವುದಿದ್ದರೆ ಬರೀ ಟಿ430 ಫ್ಯಾನ್ ಅಂತ ಕೇಳಬೇಡಿ. ಬೇರೆ ಗ್ರಾಫಿಕ್ಸ್ ಚಿಪ್ ಇರುವ ಟಿ430ಗೆ ಒಂದು ಹೀಟ್‌ಸಿಂಕ್, ಇಲ್ಲದ್ದಕ್ಕೆ ಇನ್ನೊಂದು. ಹಳೆಯದರ ಮೇಲಿನ ಸ್ಟಿಕರ್‌ನಲ್ಲಿ ಎಫ್‌ಆರ್‌ಯು ಅನ್ನೋ ಬಿಡಿಭಾಗದ ನಂಬರ್ ಇರುತ್ತದೆ, ಅದರ ಫೋಟೋ ತೋರಿಸಿ ಅದೇ ನಂಬರಿನದ್ದು ಕೇಳಿ.